ಒಂದೇ ಕಂಬದ ಮೇಲೆ ನಿಂತ ಉದ್ದಿಮೆ: ಶಿಕಾರಿಪುರ, ಸೊರಬ ಕಲಿಸುವ ಪಾಠಗಳು

ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯು ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ಬನವಾಸಿ ಹನ್ನೆರಡು ಸಾವಿರದ ರಾಜಧಾನಿಯೂ ಹೆಸರಾಂತ ವ್ಯಾಪಾರ ಪಟ್ಟಣವೂ ಆಗಿತ್ತು. ಅಲ್ಲಿಯ ಶಾಸನಗಳಲ್ಲಿ ಅಯ್ಯಾವೊಳೆ ಐನೂರ್ವರೆಂಬ ವರ್ತಕ ಸಂಘದ ವರ್ಣನೆ ದೊರೆಯುತ್ತದೆ. ಅವರ ಸರಕಿನಲ್ಲಿ ಆನೆ, ಕುದುರೆ, ಮುತ್ತು, ಏಲಕ್ಕಿ, ಲವಂಗ, ಶ್ರೀಗಂಧ, ಕರ್ಪೂರಗಳೆಲ್ಲವೂ ಸೇರಿದ್ದವು. ಹಲವು ದೇಶಗಳಲ್ಲಿ ಹಲವು ಸರಕುಗಳನ್ನು ವ್ಯವಹರಿಸುತ್ತಿದ್ದವರಿಗೆ ಒಂದು ದಾರಿ ಮುಚ್ಚಿದರೂ ಇನ್ನೊಂದು ತೆರೆದಿರುತ್ತಿತ್ತೆಂದು ಊಹಿಸುವುದು ಕಷ್ಟವಲ್ಲ.

ಇಂದು ಅದೇ ಸೀಮೆಯಲ್ಲಿ ಸ್ವಂತ ಉದ್ದಿಮೆ ಆರಂಭಿಸುವವರು ಬ್ಯಾಂಕಿಗೆ ಸಲ್ಲಿಸುವ ಯೋಜನಾ ವರದಿಯಲ್ಲಿ ಯಂತ್ರದ ಬೆಲೆ, ಶೆಡ್ಡಿನ ವಿಸ್ತೀರ್ಣ, ನಿರೀಕ್ಷಿತ ಲಾಭ ಇವೆಲ್ಲವನ್ನೂ ನಮೂದಿಸುತ್ತಾರೆ. ಆದರೆ ಈ ಉದ್ದಿಮೆ ಎಷ್ಟು ಕಂಬಗಳ ಮೇಲೆ ನಿಂತಿದೆ ಎಂಬ ಪ್ರಶ್ನೆಯನ್ನು ಕೇಳಿಕೊಳ್ಳುವವರು ವಿರಳ. ಒಂದೇ ಕಚ್ಚಾವಸ್ತು, ಒಂದೇ ಮಾರುಕಟ್ಟೆ ಅಥವಾ ಒಂದೇ ಹಂಗಾಮನ್ನು ನಂಬಿದ ವ್ಯವಹಾರವು ಲಾಭದಲ್ಲಿರುವಾಗಲೇ ಅಪಾಯದಲ್ಲಿರುತ್ತದೆ. ಈ ಎರಡು ತಾಲ್ಲೂಕುಗಳ ಮೂರು ಕಸುಬುಗಳು ಇದನ್ನು ಚೆನ್ನಾಗಿ ತೋರಿಸಿಕೊಡುತ್ತವೆ.

ಕಚ್ಚಾವಸ್ತುವಿನ ಪಾಠ

ಸೊರಬ ಮತ್ತು ಸಾಗರದ ಗುಡಿಗಾರರ ಕೆತ್ತನೆ ಕೆಲಸ ನಾಡಿನಾಚೆಗೂ ಪ್ರಸಿದ್ಧ. ಈ ಕುಶಲಕರ್ಮಿಗಳ ಮುಖ್ಯ ಕಚ್ಚಾವಸ್ತುಗಳು ಶ್ರೀಗಂಧ ಮತ್ತು ದಂತವಾಗಿದ್ದವು. ಮೈಸೂರು ಸಂಸ್ಥಾನದ ಕಾಲದಿಂದಲೂ ಗಂಧದ ಮರ ಯಾರ ಜಮೀನಿನಲ್ಲಿ ಬೆಳೆದಿದ್ದರೂ ಅದು ಸರ್ಕಾರದ ಸ್ವತ್ತಾಗಿತ್ತು. ಕುಶಲಕರ್ಮಿಯು ಸರ್ಕಾರ ಒದಗಿಸುವ ಮರವನ್ನೇ ನೆಚ್ಚಿಕೊಳ್ಳಬೇಕಾಗಿತ್ತು. 1986ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯಿದೆಗೆ ತಂದ ತಿದ್ದುಪಡಿಯು ಭಾರತೀಯ ದಂತದ ವ್ಯಾಪಾರವನ್ನು ನಿಷೇಧಿಸಿತು. 1991ರ ತಿದ್ದುಪಡಿಯು ಆಮದು ದಂತಕ್ಕೂ ಇದನ್ನು ವಿಸ್ತರಿಸಿತು. ಇತ್ತ ಕಳ್ಳಸಾಗಣೆಯಿಂದಾಗಿ ಕಾಡಿನ ಗಂಧವೂ ಬರಿದಾಗುತ್ತ ಬಂದು ಬೆಲೆ ಗಗನಕ್ಕೇರಿತು. 2001ರಲ್ಲಿ ರಾಜ್ಯದ ಅರಣ್ಯ ಕಾಯಿದೆಗೆ ತಿದ್ದುಪಡಿಯಾಗಿ ಜಮೀನಿನ ಒಡೆಯನಿಗೆ ಮರದ ಒಡೆತನ ದೊರೆಯಿತಾದರೂ, ನೆಟ್ಟ ಗಿಡ ಕೆತ್ತನೆಗೆ ಬೇಕಾದಷ್ಟು ಚೇಗು ಕಟ್ಟಲು ಹಲವು ವರ್ಷ ಬೇಕು.

ಕೈಯ ಕುಸುರಿಗೆ ಕುಂದಿಲ್ಲದಿದ್ದರೂ ಕೆಲಸಕ್ಕೆ ಬೇಕಾದ ವಸ್ತುವೇ ಕೈತಪ್ಪಿದ ಸಂದರ್ಭವಿದು. ಶಿವನಿಯಂತಹ ಬೇರೆ ಮರಗಳಿಗೆ, ಕಲ್ಲಿನ ಕೆತ್ತನೆಗೆ ತಮ್ಮ ಕೌಶಲವನ್ನು ಒಗ್ಗಿಸಿಕೊಂಡವರು ಕಸುಬನ್ನು ಉಳಿಸಿಕೊಂಡರು. ತನ್ನ ನಿಜವಾದ ಬಂಡವಾಳ ವಸ್ತುವೋ ಕೌಶಲವೋ ಎಂಬುದನ್ನು ಪ್ರತಿಯೊಬ್ಬ ಉತ್ಪಾದಕನೂ ಮೊದಲೇ ತಿಳಿದಿರಬೇಕು.

ಮಾರುಕಟ್ಟೆಯ ಪಾಠ

ಅಡಿಕೆ ತೋಟಗಳಲ್ಲಿ ಉದುರಿ ಕೊಳೆಯುತ್ತಿದ್ದ ಹಾಳೆಗಳನ್ನು ತೊಳೆದು, ಬಿಸಿ ಅಚ್ಚಿನಲ್ಲಿ ಒತ್ತಿ ತಟ್ಟೆ, ಬಟ್ಟಲುಗಳನ್ನಾಗಿಸುವ ಘಟಕಗಳು ಮಲೆನಾಡಿನಲ್ಲಿ ಅನೇಕರಿಗೆ ಸ್ವಂತ ಉದ್ದಿಮೆಯ ಮೊದಲ ಮೆಟ್ಟಿಲಾದವು. 2016ರಲ್ಲಿ ರಾಜ್ಯ ಸರ್ಕಾರವೂ 2022ರ ಜುಲೈ 1ರಿಂದ ಕೇಂದ್ರ ಸರ್ಕಾರವೂ ಪ್ಲಾಸ್ಟಿಕ್ ತಟ್ಟೆ, ಲೋಟಗಳ ಮೇಲೆ ವಿಧಿಸಿದ ನಿಷೇಧವು ಇವುಗಳಿಗೆ ಅನುಕೂಲಕರವಾಗಿತ್ತು. ವಿದೇಶಗಳಿಂದಲೂ ಬೇಡಿಕೆ ಬಂದಿತು.

ಆದರೆ 2025ರ ಮೇ ತಿಂಗಳಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು, ಅಡಿಕೆ ಮರದಲ್ಲಿ ಸಹಜವಾಗಿರುವ ಆಲ್ಕಲಾಯ್ಡ್‌ಗಳು ಆಹಾರಕ್ಕೆ ಸೇರಬಹುದೆಂಬ ಕಾರಣ ನೀಡಿ, ಹಾಳೆ ತಟ್ಟೆಗಳನ್ನು ಆಹಾರ ಬಡಿಸಲು ಬಳಸಬಾರದೆಂದು ಪ್ರಕಟಿಸಿತು. ಆ ಒಂದೇ ದೇಶಕ್ಕಾಗಿ ಅಚ್ಚು ಮಾಡಿಸಿ, ದಾಸ್ತಾನು ತುಂಬಿಸಿಕೊಂಡಿದ್ದವರಿಗೆ ಇದು ಸಿಡಿಲಿನಂತೆ ಎರಗಿತು. ಅಡಿಕೆಯ ಬಗೆಗಿನ ಆರೋಗ್ಯದ ಆಕ್ಷೇಪ ಹೊಸದೇನಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2004ರಲ್ಲಿಯೇ ಅಡಿಕೆಯನ್ನು ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿತ್ತು. ತಿನ್ನುವ ಅಡಿಕೆಗೂ ಬಡಿಸುವ ಹಾಳೆಗೂ ವ್ಯತ್ಯಾಸವಿದೆಯೆಂಬ ವಾದ ಸರಿಯೇ ಇರಬಹುದು. ಆದರೆ ಅದನ್ನು ಪ್ರಯೋಗಾಲಯದ ವರದಿಯಿಂದ ಸಾಬೀತುಪಡಿಸಬೇಕು. ಒಂದು ಘಟಕಕ್ಕೆ ಆ ವೆಚ್ಚ ಭಾರವಾದರೂ ಹತ್ತಾರು ಘಟಕಗಳು ಸಂಘವಾಗಿ ಮಾಡಿಸಿದರೆ ಹೊರಬಹುದು. ಅಷ್ಟರಲ್ಲಿ ಮದುವೆ ಮಂಟಪ, ದೇವಸ್ಥಾನ, ಹೋಟೆಲುಗಳೆಂಬ ಸ್ಥಳೀಯ ಗಿರಾಕಿಗಳನ್ನು ಕಡೆಗಣಿಸದೆ ಇದ್ದವರ ಯಂತ್ರವಂತೂ ಪೂರ್ತಿ ನಿಲ್ಲಲಾರದು.

ಹಂಗಾಮಿನ ಪಾಠ

ತೋಟದ ಫಸಲನ್ನು ಮುಂಗಡ ಕೊಟ್ಟು ಹಿಡಿದು, ಕೊಯ್ದು, ಸುಲಿದು, ಬೇಯಿಸಿ, ಚೊಗರು ಹಾಕಿ ಒಣಗಿಸಿ ಮಂಡಿಗೆ ಒಯ್ಯುವ ವ್ಯವಹಾರಕ್ಕೆ ಇಲ್ಲಿ ಚೇಣಿ ಅಥವಾ ಖೇಣಿ ಎನ್ನುತ್ತಾರೆ. ಕೆಲವೇ ತಿಂಗಳಲ್ಲಿ ವರ್ಷದ ವಹಿವಾಟೆಲ್ಲ ಮುಗಿಯುತ್ತದೆ. ಒಂದು ಕ್ವಿಂಟಲ್ ಹಸಿ ಅಡಿಕೆಯಿಂದ ಸುಮಾರು 12ರಿಂದ 13 ಕಿಲೋ ಒಣ ಅಡಿಕೆ ದೊರೆಯುತ್ತದೆಂಬ ಲೆಕ್ಕದ ಮೇಲೆ ಇಡೀ ವ್ಯವಹಾರ ನಿಂತಿದೆ. ಚೇಣಿದಾರನೊಬ್ಬ 1,000 ಕ್ವಿಂಟಲ್ ಹಸಿ ಅಡಿಕೆ ಹಿಡಿದಿದ್ದಾನೆಂದು ಭಾವಿಸೋಣ. ಕ್ವಿಂಟಲಿಗೆ ಅಂದಾಜಿಗಿಂತ ಒಂದು ಕಿಲೋ ಕಡಿಮೆಯಾದರೆ 10 ಕ್ವಿಂಟಲ್ ಒಣ ಅಡಿಕೆ ನಷ್ಟವಾಗುತ್ತದೆ. ಧಾರಣೆ 50,000 ರೂ. ಎಂದಿಟ್ಟುಕೊಂಡರೆ ನಷ್ಟದ ಮೊತ್ತ 5 ಲಕ್ಷ ರೂ. ಕೊಳೆರೋಗ, ಅಕಾಲದ ಮಳೆ, ಧಾರಣೆಯ ಇಳಿತ ಇವು ಇದರ ಮೇಲಿನ ಹೊರೆ.

ಅನುಭವಸ್ಥ ಚೇಣಿದಾರರು ಒಂದೇ ಊರಿನ ತೋಟಗಳನ್ನು ಹಿಡಿಯುವುದಿಲ್ಲ. ದಾಸ್ತಾನನ್ನು ಒಂದೇ ದಿನದ ಧಾರಣೆಗೆ ಮಾರುವುದೂ ಇಲ್ಲ. ಹಂಗಾಮಿನಲ್ಲಿ ಕೈತುಂಬ ಬಂದ ಹಣವು ಲಾಭವಲ್ಲ, ಅದರಲ್ಲಿ ಮುಂದಿನ ವರ್ಷದ ಮುಂಗಡವೂ ಸೇರಿದೆ ಎಂಬುದು ಅವರಿಗೆ ಗೊತ್ತು. ಹಂಗಾಮು ಮುಗಿದೊಡನೆ ಮನೆ ಕಟ್ಟಿಸಿ, ಕಾರು ಕೊಂಡು, ಮರುವರ್ಷ ಮುಂಗಡಕ್ಕಾಗಿ ಬಡ್ಡಿ ಸಾಲಕ್ಕೆ ಕೈಚಾಚಿದವನ ಲಾಭವನ್ನು ಬಡ್ಡಿಯೇ ತಿನ್ನುತ್ತದೆ.

ಉದ್ರಿಯ ಲೆಕ್ಕ

ಈ ಮೂರಕ್ಕೂ ಸಮಾನವಾದ ಇನ್ನೊಂದು ಅಪಾಯವೆಂದರೆ ಉದ್ರಿ. ತಿಂಗಳಿಗೆ 2 ಲಕ್ಷ ರೂ. ಮಾಲು ಕಳುಹಿಸುವ ಘಟಕಕ್ಕೆ 90 ದಿನಗಳ ನಂತರ ಹಣ ಬರುವುದಾದರೆ ಸದಾ 6 ಲಕ್ಷ ರೂ. ಹೊರಗೆ ಸಿಲುಕಿರುತ್ತದೆ. ಅವಧಿಯನ್ನು 45 ದಿನಕ್ಕಿಳಿಸಿದರೆ 3 ಲಕ್ಷ ರೂ. ದುಡಿಯುವ ಬಂಡವಾಳ ಸಾಲವಿಲ್ಲದೆಯೇ ಕೈಗೆ ಬರುತ್ತದೆ. 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ದಿಮೆಗಳ ಅಭಿವೃದ್ಧಿ ಕಾಯಿದೆಯ ಪ್ರಕಾರ ಸೂಕ್ಷ್ಮ ಹಾಗೂ ಸಣ್ಣ ಉತ್ಪಾದಕರಿಗೆ, ಸೇವೆ ಒದಗಿಸುವವರಿಗೆ ಲಿಖಿತ ಒಪ್ಪಂದವಿದ್ದರೂ 45 ದಿನಗಳೊಳಗೆ, ಇಲ್ಲದಿದ್ದರೆ 15 ದಿನಗಳೊಳಗೆ ಹಣ ಸಲ್ಲಬೇಕು. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ತೆರಬೇಕಾಗುತ್ತದೆ. ಈ ರಕ್ಷಣೆ ಪಡೆಯಬೇಕಾದರೆ ಮಾಲು ಕಳುಹಿಸುವ ಮೊದಲೇ ಉದ್ಯಮ್ ನೋಂದಣಿ ಮಾಡಿಸಿ, ಅದರ ಸಂಖ್ಯೆಯನ್ನು ಬಿಲ್ಲಿನಲ್ಲಿ ಮುದ್ರಿಸುವುದು ಕ್ಷೇಮ. ಕೇವಲ ಕೊಂಡು ಮಾರುವ ವರ್ತಕರಿಗೆ ಈ ರಕ್ಷಣೆ ಅನ್ವಯಿಸದು. ಅವರಿಗೆ ಉದ್ರಿಯ ಮಿತಿಯೇ ಕಾಯಿದೆ.

ಹೊಸದಾಗಿ ಉದ್ದಿಮೆ ಆರಂಭಿಸುವವರು ಯೋಜನಾ ವರದಿಯ ಕೊನೆಯಲ್ಲಿ ಮೂರು ಸಾಲು ಸೇರಿಸಿಕೊಳ್ಳಲಿ. ಈ ಕಚ್ಚಾವಸ್ತು ದೊರೆಯದಿದ್ದರೆ ಏನು ಮಾಡುವೆ? ಅತಿ ದೊಡ್ಡ ಗಿರಾಕಿ ಕೈಬಿಟ್ಟರೆ ಎಷ್ಟು ತಿಂಗಳು ಕೂಲಿ ಕೊಡಬಲ್ಲೆ? ಹಂಗಾಮಿಲ್ಲದ ತಿಂಗಳುಗಳಲ್ಲಿ ಖರ್ಚಿಗೆ ಹಣ ಎಲ್ಲಿಂದ ಬರುತ್ತದೆ? ಈ ಮೂರಕ್ಕೂ ಅಂಕಿಗಳಲ್ಲಿ ಉತ್ತರ ಬರೆಯಲಾಗದಿದ್ದಲ್ಲಿ ಯಂತ್ರಕ್ಕೆ ಮುಂಗಡ ಕೊಡುವುದನ್ನು ಒಂದು ಹಂಗಾಮು ಮುಂದೂಡುವುದೇ ಜಾಣತನ.