ಚೌಕಿಯೊಳಗಿನ ಚಿತ್ರಗಳು

ಕೊಲ್ಹಾಪುರ ಜಿಲ್ಲೆಯ ಜಯಸಿಂಗಪುರವು ಮಿರಜ-ಕೊಲ್ಹಾಪುರ ರೈಲುದಾರಿಯ ಒಂದು ಪೇಟೆ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಮರಾಠಿ ಆಡುವ ಸಂಸಾರಗಳು ಆ ಸೀಮೆಯಲ್ಲಿವೆ. ಕಾಸರಗೋಡಿನವರಾದ ನಮಗೆ ಅವರ ಪಾಡನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆ ಊರಿಗೆ ಹತ್ತಿರದ ಸಾಂಗ್ಲಿಗೆ 1842ರಲ್ಲಿ ಹೊನ್ನಾವರ ಬಳಿಯ ಕರ್ಕಿಯಿಂದ ಭಾಗವತರ ಮೇಳವೊಂದು ಹೋಗಿ ಆಟ ಆಡಿತು. ಅದನ್ನು ಮೆಚ್ಚಿದ ಅರಸ ಚಿಂತಾಮಣರಾವ ಪಟವರ್ಧನರು ಮರಾಠಿಯಲ್ಲೂ ಇಂಥದೊಂದು ಆಗಲೆಂದು ವಿಷ್ಣುದಾಸ ಭಾವೆಯವರಿಗೆ ಅಪ್ಪಣೆ ಕೊಡಿಸಿದರು. 1843ರಲ್ಲಿ 'ಸೀತಾಸ್ವಯಂವರ' ರಂಗವೇರಿತು. ಮರಾಠಿ ರಂಗಭೂಮಿ ತನ್ನ ಪ್ರಾಯ ಎಣಿಸುವುದು ಅಲ್ಲಿಂದಲೇ.

ಛಾಯಾಚಿತ್ರ ವಿದ್ಯೆ ಪ್ಯಾರಿಸಿನಲ್ಲಿ ಪ್ರಕಟವಾಗಿ ಆಗ ಮೂರೇ ವರ್ಷ. ಎದುರಿದ್ದವರು ನಿಮಿಷಗಟ್ಟಲೆ ಅಲುಗಾಡದೆ ಕೂರಬೇಕಿತ್ತು. ಗೆಜ್ಜೆ ಕಟ್ಟಿದ ಕಾಲನ್ನು ಹಿಡಿಯುವ ಶಕ್ತಿ ಆ ಯಂತ್ರಕ್ಕಿರಲಿಲ್ಲ.

ಈಗ ಪ್ರತಿಯೊಬ್ಬರ ಕಿಸೆಯಲ್ಲೂ ಕ್ಯಾಮರಾ ಉಂಟು. ಆದರೂ ನಮ್ಮ ಯುವಕ ಸಂಘಗಳ ನಾಟಕ, ಮಕ್ಕಳ ಯಕ್ಷಗಾನ ಮುಗಿದ ಮೇಲೆ ಉಳಿಯುವುದೇನು? ಅತಿಥಿಗಳಿಗೆ ಶಾಲು ಹೊದಿಸಿದ ಚಿತ್ರ, ಸಾಲಾಗಿ ನಿಂತ ಚಿತ್ರ. ಶಾಲು ಎಲ್ಲಾ ವರ್ಷವೂ ಒಂದೇ ತರಹ!

ಆದ್ದರಿಂದ ಒಬ್ಬ ವಿದ್ಯಾರ್ಥಿಯನ್ನು ಚೌಕಿಯಲ್ಲೇ ಕೂರಿಸಿರೆಂದು ನಾವು ಹೇಳುವುದು. ಮುಖಕ್ಕೆ ಚುಟ್ಟಿ ಇಡುವಾಗ ಉಸಿರು ಬಿಗಿಹಿಡಿದ ಹುಡುಗ, ತಮ್ಮನಿಗೆ ಗೆಜ್ಜೆ ಕಟ್ಟುವ ಅಣ್ಣ, ಪರದೆಯ ಸಂದಿಯಲ್ಲಿ ಅಮ್ಮ ಬಂದರೋ ಎಂದು ಇಣುಕುವ ರಾಕ್ಷಸ, ಇವೆಲ್ಲ ಸಭೆಗೆ ಕಾಣಿಸುವಂಥವಲ್ಲ.

ಮುಖ್ಯವಾಗಿ ಮಾತು ಬರೆದುಕೊಂಡ ಚೀಟಿಯ ಚಿತ್ರ ತೆಗೆಯಬೇಕು. ಕನ್ನಡದ ಮಾತು, ಅಕ್ಷರ ಮಲಯಾಳದ್ದು! ಮರಾಠಿ ಶಾಲೆಗೆ ಹೋಗುವ ಮಗುವಾದರೆ ನಾಗರಿಯಲ್ಲಿ ಬರೆದೀತು. ಇದನ್ನು ಕಂಡು ಬೈಯುವ ಹಿರಿಯರಿದ್ದಾರೆ. ನಮಗೆ ಬೈಯಲು ಮನಸ್ಸು ಬರುವುದಿಲ್ಲ. ಶಾಲೆಯಲ್ಲಿ ಅಕ್ಷರ ಸಿಗದ ಮಗು ನಾಲಗೆಯಲ್ಲಾದರೂ ಭಾಷೆಯನ್ನು ಉಳಿಸಿಕೊಂಡಿದೆ. ಆ ಚೀಟಿ ಆಟ ಮುಗಿದೊಡನೆ ಕಸಕ್ಕೆ ಹೋಗುತ್ತದೆ.

ಫ್ಲಾಶ್ ಮಾತ್ರ ಬೇಡ. ರಂಗದ ಪಕ್ಕದಿಂದ ಅದು ಮಿಂಚಿದರೆ ವೇಷಧಾರಿಯ ಕಣ್ಣು ಕತ್ತಲಿಟ್ಟು ಮಾತು ತಪ್ಪುತ್ತದೆ. ಕನ್ನಡಿಯ ಬಲ್ಬಿನ ಬೆಳಕೇ ಸಾಕು. ಮೊಣಕೈಯನ್ನು ಕಂಬಕ್ಕೆ ಒತ್ತಿ ಹಿಡಿದರೆ ಚಿತ್ರ ಅಲುಗದು. ಫೋನಿನ ಸದ್ದೂ ನಿಲ್ಲಿಸಿರಬೇಕು. ಹೆಣ್ಮಕ್ಕಳು ಬಟ್ಟೆ ಬದಲಾಯಿಸುವ ಕೋಣೆಯತ್ತ ಕ್ಯಾಮರಾ ಸುಳಿಯಕೂಡದು. ಇದರಲ್ಲಿ ರಿಯಾಯಿತಿ ಇಲ್ಲ.

ಫೋನು ಕೆಟ್ಟರೆ ಚಿತ್ರವೂ ಹೋದಂತೆಯೇ. ಹತ್ತನ್ನಾದರೂ ಅಚ್ಚು ಹಾಕಿಸಿ, ಹಿಂಬದಿಯಲ್ಲಿ ಪ್ರಸಂಗ, ಊರು, ಇಸವಿ, ಹೆಸರು ಬರೆದು ಸಂಘದ ಕಪಾಟಿನಲ್ಲಿಡಿ. ಪರದೆ ಹಿಡಿದವರ ಹೆಸರು, ಚಾ ತಂದ ಹುಡುಗನ ಹೆಸರು ಕೂಡ.