ಪುಸ್ತಕ ಹಳೆಯದಿರಲಿ, ಆವೃತ್ತಿ ಹೊಸದಿರಲಿ

ಕಡತಗಳ ರಾಶಿಯಲ್ಲಿ ಹುಡುಕಾಟ ನಡೆಸುವ ಸೋಲರ್, ಎಲಾಸ್ಟಿಕ್‌ಸರ್ಚ್, ಓಪನ್‌ಸರ್ಚ್ ಈ ಮೂರರ ಒಡಲಲ್ಲೂ ಇರುವುದು ಲೂಸೀನ್. ಡಗ್ ಕಟಿಂಗ್ 1999ರಲ್ಲಿ ಬರೆದ ಈ ಜಾವಾ ಲೈಬ್ರರಿ ಇಂದಿಗೂ ಬೆಳೆಯುತ್ತಲೇ ಇದೆ. ಹೊಸದಾಗಿ ಕಲಿಯಹೊರಟವರಿಗೆ ತೊಡಕಾಗುವುದೂ ಈ ಬೆಳವಣಿಗೆಯೇ.

'ಲೂಸೀನ್ ಇನ್ ಆ್ಯಕ್ಷನ್' ಒಳ್ಳೆಯ ಪುಸ್ತಕ. ಆದರೆ 2004ರ ಮೊದಲ ಮುದ್ರಣದಲ್ಲಿ ಫಲಿತಾಂಶಗಳನ್ನು ಓದಲು ಬಳಸಿರುವ 'ಹಿಟ್ಸ್' ಎಂಬ ಕ್ಲಾಸನ್ನು 3.0 ಆವೃತ್ತಿಯಲ್ಲಿ ತೆಗೆದುಹಾಕಲಾಯಿತು. 2010ರ ಎರಡನೇ ಮುದ್ರಣ ಆ 3.0ಕ್ಕೇ ಬರೆದದ್ದು, ಅದರ ಕೋಡನ್ನು ಇಂದಿನ ಲೂಸೀನ್‌ಗೆ ಕೊಟ್ಟರೆ ಕಂಪೈಲ್ ಆಗದು. ಹಾಗೆಂದು ಪುಸ್ತಕಕ್ಕೆ ಹೊಂದುತ್ತದೆ ಎಂಬ ಒಂದೇ ಕಾರಣಕ್ಕೆ ಹಳೆಯ ಆವೃತ್ತಿಯನ್ನು ಹಿಡಿದುಕೊಳ್ಳುವುದು ತಪ್ಪು ದಾರಿ ಎಂದೇ ನನ್ನ ಅಭಿಪ್ರಾಯ.

ಕಾರಣ ಸೂಚಿಯಲ್ಲಿದೆ. ಲೂಸೀನ್ ಪ್ರತಿ ಪದಕ್ಕೂ ಅದು ಯಾವ ಯಾವ ಕಡತಗಳಲ್ಲಿದೆ ಎಂಬ ಪಟ್ಟಿಯನ್ನು ಮೊದಲೇ ಕಟ್ಟಿಡುತ್ತದೆ, ಪುಸ್ತಕದ ಕೊನೆಯ ಪದಸೂಚಿಯ ಹಾಗೆ. ಈ ಸೂಚಿ ಡಿಸ್ಕಿನಲ್ಲಿ ಕೂರುವ ರೂಪ ಆವೃತ್ತಿಯಿಂದ ಆವೃತ್ತಿಗೆ ಬದಲಾಗುತ್ತದೆ. 6ರಲ್ಲಿ ಕಟ್ಟಿದ್ದನ್ನು 7 ಓದುತ್ತದೆ, 8 ಓದುವುದಿಲ್ಲ. 7ರ ಮೂಲಕ ದಾಟಿಸಿ ತಂದರೂ 8 ಒಪ್ಪದು, ಏಕೆಂದರೆ ಸೂಚಿ ಮೊದಲು ಹುಟ್ಟಿದ್ದು ಯಾವ ಆವೃತ್ತಿಯಲ್ಲಿ ಎಂಬುದು ಅದರೊಳಗೇ ದಾಖಲಾಗಿರುತ್ತದೆ. ಆಗ ಉಳಿಯುವುದು ಮೂಲ ಕಡತಗಳಿಂದ ಎಲ್ಲವನ್ನೂ ಮತ್ತೆ ಕಟ್ಟುವ ಕೆಲಸ. ಆದ್ದರಿಂದ ಹೊಸ ಕೆಲಸಕ್ಕೆ ಇತ್ತೀಚಿನ ಸ್ಥಿರ ಆವೃತ್ತಿಯನ್ನೇ ಆರಿಸಿ, ಕೋಡಿಗೆ ಅದೇ ಆವೃತ್ತಿಯ ಅಧಿಕೃತ ದಾಖಲೆಗಳನ್ನು ನೋಡುವುದು ಕ್ಷೇಮ. ಮೂಲ ಕಡತಗಳನ್ನಂತೂ ಎಂದಿಗೂ ಕಳೆದುಕೊಳ್ಳಬಾರದು.

ತತ್ತ್ವಕ್ಕೆ ಮಾತ್ರ ಹಳೆಯ ಪುಸ್ತಕವೇ ಸಾಕು. ಅಪರೂಪದ ಪದಕ್ಕೆ ಹೆಚ್ಚು ತೂಕ ಕೊಡಬೇಕೆಂದು ಕರೆನ್ ಸ್ಪಾರ್ಕ್ ಜೋನ್ಸ್ ತೋರಿಸಿದ್ದು 1972ರಲ್ಲಿ. ಅದನ್ನು ಬೆಳೆಸಿದ ಬಿಎಂ25 ಸೂತ್ರ ರೂಪುಗೊಂಡದ್ದು 1990ರ ದಶಕದಲ್ಲಿ. ಲೂಸೀನ್ ಅದನ್ನು ತನ್ನ ಪೂರ್ವನಿಯೋಜಿತ ಸೂತ್ರವಾಗಿ ಮಾಡಿಕೊಂಡದ್ದು 2016ರ 6.0 ಆವೃತ್ತಿಯಲ್ಲಿ. ಆವೃತ್ತಿ ಬದಲಿಸಿದ ಮೇಲೆ ಅದೇ ಪ್ರಶ್ನೆಗೆ ಫಲಿತಾಂಶಗಳ ಕ್ರಮ ಏಕೆ ಬೇರೆಯಾಯಿತು ಎಂಬುದು ಸೂತ್ರ ಗೊತ್ತಿದ್ದವರಿಗಷ್ಟೇ ಹೊಳೆಯುತ್ತದೆ. ಮ್ಯಾನಿಂಗ್, ರಾಘವನ್, ಶುಟ್ಸೆ ಬರೆದ 'ಇಂಟ್ರೊಡಕ್ಷನ್ ಟು ಇನ್ಫರ್ಮೇಷನ್ ರಿಟ್ರೀವಲ್' (2008) ಇದನ್ನೆಲ್ಲ ಬಿಡಿಸಿ ಹೇಳುತ್ತದೆ, ಅಂತರ್ಜಾಲದಲ್ಲಿ ಉಚಿತವಾಗಿಯೂ ಸಿಗುತ್ತದೆ. ಯಾವ ತಂತ್ರಾಂಶವನ್ನೂ ನೆಚ್ಚಿಕೊಳ್ಳದ ಪುಸ್ತಕವಾದ್ದರಿಂದ ಆವೃತ್ತಿಯ ಕಾಟ ಅದಕ್ಕಿಲ್ಲ. ಮೊದಲ ಎರಡು ಅಧ್ಯಾಯಗಳನ್ನು ಓದಿಯೇ ಕೋಡಿಗೆ ಕೈ ಹಾಕಿ ಎಂದು ನಾನು ಒತ್ತಾಯಿಸುತ್ತೇನೆ.

ಕನ್ನಡದ ಕಡತಗಳಾದರೆ ಇನ್ನೊಂದು ಪರೀಕ್ಷೆ ಬೇಕು. ಲೂಸೀನ್‌ನ ಸಾಮಾನ್ಯ ವಿಶ್ಲೇಷಕ ಪದಗಳನ್ನು ಸರಿಯಾಗಿಯೇ ಬಿಡಿಸುತ್ತದೆ, ಆದರೆ 'ಕೆರೆ', 'ಕೆರೆಯಲ್ಲಿ', 'ಕೆರೆಗಳಿಗೆ' ಎಂಬ ಮೂರನ್ನೂ ಬೇರೆ ಬೇರೆ ಪದಗಳೆಂದೇ ಸೂಚಿಯಲ್ಲಿ ಬರೆದುಕೊಳ್ಳುತ್ತದೆ. 'ಕೆರೆ' ಎಂದು ಹುಡುಕಿದವರಿಗೆ ಉಳಿದೆರಡು ಸಿಗುವುದೇ ಇಲ್ಲ. ಪ್ರತ್ಯಯ ಕಳಚುವ ನಿಯಮಗಳನ್ನು ನಾವೇ ಸೇರಿಸಬೇಕು, ಇಲ್ಲವೇ ಪದದ ಮೊದಲ ಕೆಲವು ಅಕ್ಷರಗಳನ್ನೂ ಸೂಚಿಗೆ ಹಾಕಿಸಬೇಕು. ಆವೃತ್ತಿಯನ್ನು ಅಂತಿಮಗೊಳಿಸುವ ಮುನ್ನ ನಮ್ಮದೇ ನೂರಿನ್ನೂರು ಕಡತಗಳ ಮೇಲೆ ಇದನ್ನು ನಡೆಸಿ ನೋಡಬೇಕು.