ತುಂಬಿಸಿದ ಟ್ಯಾಂಕ್ ಬೆಳಗಾಗುವಾಗ ಖಾಲಿ: ನೀರು ಹೋಗುವುದೆಲ್ಲಿಗೆ?

ರಾತ್ರಿ ಮೋಟರ್ ಹಾಕಿ ಟ್ಯಾಂಕ್ ತುಂಬಿಸಿ ಮಲಗುತ್ತೀರಿ. ಫಜ್ರ್‌ಗೆ ಎದ್ದು ವುಝೂ ಮಾಡಲು ನಲ್ಲಿ ತಿರುಗಿಸಿದರೆ ನೂಲಿನೆಳೆಯಂತೆ ನೀರು. ಮನೆಯಲ್ಲಿ ಯಾರೂ ಬಳಸಿಲ್ಲ, ಗೋಡೆ ಒದ್ದೆಯಾಗಿಲ್ಲ, ತಾರಸಿಯ ಮೇಲೆ ಹನಿಯೂ ಬಿದ್ದಿಲ್ಲ. ಹೆಚ್ಚಿನವರು ಇನ್ನೊಮ್ಮೆ ಮೋಟರ್ ಹಾಕಿ ಸುಮ್ಮನಾಗುತ್ತಾರೆ. ಆದರೆ ತೊಂದರೆ ಕರೆಂಟ್ ಬಿಲ್ಲಿನದ್ದು ಮಾತ್ರವಲ್ಲ. ಟ್ಯಾಂಕಿನ ನೀರು ಸದ್ದಿಲ್ಲದೆ ಸಂಪಿಗೋ ಬಾವಿಗೋ ಮರಳುತ್ತಿದ್ದರೆ, ಅದು ನಿಮ್ಮ ಮಕ್ಕಳು ಕುಡಿಯುವ ನೀರಿನ ಪ್ರಶ್ನೆ. ಆದ್ದರಿಂದಲೇ ಈ ತಿಂಗಳು ಔಷಧದ ಬದಲು ಪೈಪಿನ ಬಗ್ಗೆ ಬರೆಯುತ್ತಿದ್ದೇನೆ.

ನೀರು ಹಿಂದಕ್ಕೆ ಹೋಗುವ ಬಗೆ

ನಿಂತ ಮೋಟರ್ ನೀರಿಗೆ ಅಡ್ಡಿಯಲ್ಲ. ಪಂಪಿನೊಳಗಿನ ಚಕ್ರದ ಎಡೆಯಿಂದ ನೀರು ಸಲೀಸಾಗಿ ಕೆಳಗಿಳಿಯುತ್ತದೆ. ಅದನ್ನು ತಡೆಯಲು ಪೈಪಿನಲ್ಲಿ ನಾನ್ ರಿಟರ್ನ್ ವಾಲ್ವ್ ಇರುತ್ತದೆ. ಮೇಲೆ ಹೋಗುವ ನೀರಿಗೆ ಅದು ತೆರೆದುಕೊಳ್ಳುತ್ತದೆ, ಹಿಂದೆ ಬರುವ ನೀರಿಗೆ ಮುಚ್ಚಿಕೊಳ್ಳುತ್ತದೆ. ಅದರ ರಬ್ಬರ್ ಸವೆದರೆ, ಸ್ಪ್ರಿಂಗ್ ಸಡಿಲವಾದರೆ, ಒಂದು ಮರಳಿನ ಕಣ ಸಿಕ್ಕಿಕೊಂಡರೂ ಸಾಕು, ಬಾಗಿಲು ಪೂರ್ತಿ ಮುಚ್ಚುವುದಿಲ್ಲ.

ವಾಲ್ವ್ ಕೆಟ್ಟ ಮಾತ್ರಕ್ಕೆ ಟ್ಯಾಂಕ್ ಬರಿದಾಗದು. ತುಂಬಿಸುವ ಪೈಪಿನ ಬಾಯಿ ನೀರಿನ ಮಟ್ಟಕ್ಕಿಂತ ಮೇಲಿದ್ದರೆ, ಪೈಪಿನೊಳಗಿನ ನೀರಷ್ಟೇ ಇಳಿದು ಹರಿವು ನಿಲ್ಲುತ್ತದೆ. ಆದರೆ ಕೆಲವರು ನೀರು ಬೀಳುವ ಸದ್ದು ಬೇಡವೆಂದು ಪೈಪನ್ನು ಟ್ಯಾಂಕಿನೊಳಗೆ ಉದ್ದಕ್ಕೆ ಇಳಿಬಿಡುತ್ತಾರೆ. ಕೆಲವೆಡೆ ತುಂಬಿಸುವ ಪೈಪನ್ನು ತಳಕ್ಕೇ ಜೋಡಿಸಿರುತ್ತಾರೆ. ಆಗ ಕ್ಯಾನಿಗೆ ಕೊಳವೆ ಇಳಿಸಿ ಸೀಮೆಎಣ್ಣೆ ತೆಗೆದಂತೆ, ಟ್ಯಾಂಕಿನ ನೀರು ತಾನಾಗಿಯೇ ಎಳೆದುಕೊಂಡು ಹೋಗುತ್ತದೆ.

ಒಂದು ರಾತ್ರಿಯ ಪರೀಕ್ಷೆ

ಪ್ಲಂಬರನ್ನು ಕರೆಯುವ ಮುನ್ನ ಇದನ್ನು ನೀವೇ ಮಾಡಿ ನೋಡಿ. ಇಶಾ ನಮಾಝಿನ ನಂತರ, ಎಲ್ಲರ ಬಳಕೆ ಮುಗಿದ ಮೇಲೆ, ಒಣ ಕೋಲೊಂದನ್ನು ಟ್ಯಾಂಕಿನ ತಳ ಮುಟ್ಟುವಂತೆ ಇಳಿಸಿ, ಒದ್ದೆಯಾದ ಕಡೆ ಗುರುತು ಹಾಕಿ. ಸಂಪಿಗೆ ಇನ್ನೊಂದು ಕೋಲು. ಸಂಪಿಗೆ ಹೊರಗಿನಿಂದ ನೀರು ಬರುವ ವಾಲ್ವನ್ನು ಮುಚ್ಚಿ. ಫಜ್ರ್‌ಗೆ ಎದ್ದ ಕೂಡಲೇ, ನಲ್ಲಿ ಮುಟ್ಟುವ ಮೊದಲು, ಎರಡನ್ನೂ ಮತ್ತೆ ಅಳೆಯಿರಿ.

1. ಟ್ಯಾಂಕ್ ಇಳಿದಿದೆ, ಸಂಪು ಏರಿದೆ: ನೀರು ಮೋಟರಿನ ಪೈಪಿನಿಂದಲೇ ಮರಳುತ್ತಿದೆ. ನಿಂತ ಮೋಟರಿನ ಬಳಿ ಕಿವಿಗೊಟ್ಟರೆ ಹರಿಯುವ ಸದ್ದು ಕೇಳಿಸಲೂಬಹುದು.

2. ಟ್ಯಾಂಕ್ ಇಳಿದಿದೆ, ಸಂಪು ಇದ್ದಲ್ಲೇ ಇದೆ: ಮರುದಿನ ರಾತ್ರಿ ಟ್ಯಾಂಕಿನಿಂದ ಮನೆಗೆ ಇಳಿಯುವ ಗೇಟ್ ವಾಲ್ವ್ ಮುಚ್ಚಿ ಅಳೆಯಿರಿ. ಇಳಿಯುವುದು ನಿಂತರೆ ಸೋರಿಕೆ ಮನೆಯ ಪೈಪಿನಲ್ಲೋ ಫ್ಲಷ್ ಟ್ಯಾಂಕಿನಲ್ಲೋ ಇದೆ. ಫ್ಲಷ್ ಟ್ಯಾಂಕಿಗೆ ಅಡುಗೆಯ ಬಣ್ಣ ನಾಲ್ಕು ಹನಿ ಹಾಕಿ, ಅರ್ಧ ಗಂಟೆ ಮುಟ್ಟದೆ ಬಿಡಿ. ಬಣ್ಣ ಕಮೋಡಿಗೆ ಇಳಿದಿದ್ದರೆ ಕಳ್ಳ ಸಿಕ್ಕಿದಂತೆ.

3. ನೀರು ಪ್ರತಿ ರಾತ್ರಿ ಒಂದೇ ಮಟ್ಟಕ್ಕೆ ಇಳಿದು ನಿಲ್ಲುತ್ತದೆ: ಆ ಮಟ್ಟದಲ್ಲೇ ಹುಡುಕಿ. ಅಲ್ಲಿ ಬಿರುಕಿರುತ್ತದೆ, ಇಲ್ಲವೇ ಒಳಗೆ ಇಳಿಬಿಟ್ಟ ಪೈಪಿನ ಬಾಯಿ ಇರುತ್ತದೆ.

4. ಪ್ರತಿ ಬೆಳಿಗ್ಗೆ ಮೋಟರಿಗೆ ನೀರು ಹೊಯ್ದರೆ ಮಾತ್ರ ಎತ್ತುತ್ತದೆ: ಸಂಪಿನ ಅಥವಾ ಬಾವಿಯ ತಳದಲ್ಲಿರುವ ಫುಟ್ ವಾಲ್ವ್ ಕೂಡ ಸೋರುತ್ತಿರಬಹುದು.

ಬಾವಿಯಿಂದ ನೀರೆತ್ತುವ ಮನೆಗಳಲ್ಲಿ ಬಾವಿಯ ಮಟ್ಟ ನೋಡಿ ಪ್ರಯೋಜನವಿಲ್ಲ. ಮನೆಗೆ ಇಳಿಯುವ ವಾಲ್ವ್ ಮುಚ್ಚಿಟ್ಟೂ ಟ್ಯಾಂಕ್ ಇಳಿಯುತ್ತಿದ್ದು, ಟ್ಯಾಂಕಿನ ಸುತ್ತ ಒಣಗಿದ್ದರೆ ಮೋಟರಿನ ಪೈಪನ್ನೇ ಅನುಮಾನಿಸಿ.

ಒಂದು ಮೀಟರ್ ವ್ಯಾಸದ ದುಂಡು ಟ್ಯಾಂಕಿನಲ್ಲಿ ಒಂದು ಸೆಂಟಿಮೀಟರ್ ಇಳಿದರೆ ಸುಮಾರು 8 ಲೀಟರ್ ಹೋಯಿತೆಂದು ಲೆಕ್ಕ. 30 ಸೆಂಟಿಮೀಟರ್ ಇಳಿದರೆ ಸುಮಾರು 235 ಲೀಟರ್.

ಸರಿಪಡಿಸುವುದು

ಮೊದಲು ಮೋಟರಿನ ಮೇನ್ ಸ್ವಿಚ್ ಆಫ್ ಮಾಡಿ. ನಾನ್ ರಿಟರ್ನ್ ವಾಲ್ವ್ ಬಿಚ್ಚಿಸಿ ಕಸ ತೆಗೆಸಿ. ರಬ್ಬರ್ ಸವೆದಿದ್ದರೆ ವಾಲ್ವನ್ನೇ ಬದಲಿಸಿ. ಅದರ ಮೇಲಿನ ಬಾಣದ ಗುರುತು ನೀರು ಏರುವ ದಿಕ್ಕಿಗೆ ಇರಬೇಕು. ಅಷ್ಟಕ್ಕೇ ಬಿಡಬೇಡಿ. ತುಂಬಿಸುವ ಪೈಪಿನ ಬಾಯಿಯನ್ನು, ಹೆಚ್ಚಾದ ನೀರು ಹೊರಹೋಗುವ ಪೈಪಿಗಿಂತಲೂ ಎತ್ತರಕ್ಕೆ ತನ್ನಿ. ನಡುವಿನ ಅಂತರ ಪೈಪಿನ ವ್ಯಾಸದ ಎರಡು ಪಟ್ಟಾದರೂ ಇರಲಿ. ಮುಂದೆ ವಾಲ್ವ್ ಕೆಟ್ಟರೂ ಈ ಅಂತರ ನಿಮ್ಮನ್ನು ಕಾಯುತ್ತದೆ.

ಬೀದಿಯ ನಲ್ಲಿ ಪೈಪನ್ನು ಟ್ಯಾಂಕಿನ ಪೈಪಿಗೆ ನೇರವಾಗಿ ಜೋಡಿಸಿದ್ದರೆ ಅದನ್ನು ಕೂಡಲೇ ಬೇರ್ಪಡಿಸಿ. ಸರಬರಾಜು ನಿಂತ ಹೊತ್ತಿನಲ್ಲಿ ನಿಮ್ಮ ಟ್ಯಾಂಕಿನ ನೀರು ಬೀದಿಯ ಪೈಪಿಗೆ ಇಳಿಯಬಹುದು. ಅದು ನೆರೆಮನೆಯವರ ಕೊಡಕ್ಕೆ ಸೇರುತ್ತದೆ. ನೆರೆಯವರ ಹಕ್ಕಿನಲ್ಲಿ ಇದೂ ಸೇರಿದೆ.

ಆರೋಗ್ಯಕ್ಕೇನು ಸಂಬಂಧ?

ಮುಚ್ಚಳ ಸರಿಯಿಲ್ಲದ ಟ್ಯಾಂಕಿಗೆ ಹಕ್ಕಿಯ ಹಿಕ್ಕೆ, ಧೂಳು, ಹಲ್ಲಿ ಬೀಳುತ್ತವೆ. ನೀರು ಕೆಳಗೆ ಮರಳುವಾಗ ಆ ಕೊಳೆ ಸಂಪಿಗೂ ಬಾವಿಗೂ ಇಳಿಯುತ್ತದೆ. ಬೆಳಿಗ್ಗೆ ಅದೇ ನೀರು ಮತ್ತೆ ಮೇಲೇರುತ್ತದೆ. ಇನ್ನೂ ಅಪಾಯಕಾರಿಯಾದ ಸಂಗತಿ ಬೇರೆ ಇದೆ: ಕೆಳಮುಖವಾಗಿ ಹರಿಯುವ ಪೈಪು ತನ್ನ ಸಡಿಲ ಜೋಡಣೆಗಳಿಂದ ಹೊರಗಿನದ್ದನ್ನು ಒಳಗೆಳೆದುಕೊಳ್ಳಬಲ್ಲದು. ಆ ಪೈಪು ಚರಂಡಿಯ ಅಥವಾ ಶೌಚದ ಗುಂಡಿಯ ಪಕ್ಕದ ಮಣ್ಣಿನಲ್ಲಿ ಹಾದುಹೋಗಿದ್ದರೆ ಏನಾಗಬಹುದೆಂದು ವಿವರಿಸಬೇಕಿಲ್ಲ.

ವಾಂತಿಭೇದಿ, ಟೈಫಾಯ್ಡ್, ಹೆಪಟೈಟಿಸ್ ಎ ಮತ್ತು ಇ ಜಾತಿಯ ಕಾಮಾಲೆ ಹರಡುವುದು ಮಲಿನ ನೀರಿನಿಂದಲೇ. ಹೆಪಟೈಟಿಸ್ ಇ ಗರ್ಭಿಣಿಯರಿಗೆ, ಅದರಲ್ಲೂ ಕೊನೆಯ ಮೂರು ತಿಂಗಳಲ್ಲಿ, ಪ್ರಾಣಾಪಾಯ ತರಬಲ್ಲದು. ಒಂದೇ ಮನೆಯಲ್ಲಿ ಇಬ್ಬರು ಮೂವರಿಗೆ ಹೊಟ್ಟೆ ಕೆಟ್ಟರೆ ನಿನ್ನೆಯ ಬಿರಿಯಾನಿಯನ್ನು ದೂರುವ ಜೊತೆಗೆ ಟ್ಯಾಂಕಿನತ್ತಲೂ ನೋಡಿ. ಕಣ್ಣು ಹಳದಿಯಾದರೆ ರಕ್ತಪರೀಕ್ಷೆ ಮಾಡಿಸಿ. ಯಾವ ಶರಬತ್ತೂ, ಯಾವ ಕಷಾಯವೂ ಕೊಳೆತ ನೀರನ್ನು ಶುದ್ಧಗೊಳಿಸದು. ಯುನಾನಿ ವೈದ್ಯನಾಗಿಯೇ ಈ ಮಾತು ಹೇಳುತ್ತಿದ್ದೇನೆ. ನಮ್ಮ ಪದ್ಧತಿಯಲ್ಲಿ ಆರೋಗ್ಯಕ್ಕೆ ಅನಿವಾರ್ಯವೆನ್ನುವ ಆರು ಅಂಶಗಳಲ್ಲಿ, ಅಂದರೆ ಅಸ್ಬಾಬೆ ಸಿತ್ತಾ ಝರೂರಿಯ್ಯಾದಲ್ಲಿ, ಅನ್ನ ಮತ್ತು ಪಾನ ಒಂದು. ಇಬ್ನು ಸೀನಾ ತಮ್ಮ ‘ಅಲ್ ಕಾನೂನ್’ ಗ್ರಂಥದಲ್ಲಿ ನೀರಿನ ಗುಣದೋಷಗಳನ್ನು ಪ್ರತ್ಯೇಕವಾಗಿ ವಿವರಿಸಿದ್ದಾರೆ.

ದುರಸ್ತಿಯಾದ ಮೇಲೆ

ಟ್ಯಾಂಕ್ ಮತ್ತು ಸಂಪನ್ನು ತೊಳೆಸಿ. ಸಂಪಿನೊಳಗೆ ಗಾಳಿ ಕೆಟ್ಟಿರಬಹುದು. ಮುಚ್ಚಳ ಬಹಳ ಹೊತ್ತು ತೆರೆದಿಡಿ, ಒಬ್ಬರೇ ಇಳಿಯಲು ಬಿಡಬೇಡಿ, ಮಕ್ಕಳನ್ನು ಹತ್ತಿರ ಬಿಡಬೇಡಿ. ನಂತರ ತುಂಬಿಸಿದ ನೀರಿಗೆ 1,000 ಲೀಟರಿಗೆ 2.5 ಗ್ರಾಂ ಒಳ್ಳೆಯ ಬ್ಲೀಚಿಂಗ್ ಪೌಡರ್ ಸಾಕು. 25 ಗ್ರಾಂ ತೂಗಿಸಿ ತಂದು ಹತ್ತು ಸಮಪಾಲು ಮಾಡಿದರೆ ಅಳತೆ ಸುಲಭ. ಒಂದು ಪಾಲನ್ನು ಬಕೆಟ್ ನೀರಿನಲ್ಲಿ ಕಲಸಿ, ಸುಣ್ಣ ತಳಕ್ಕಿಳಿದ ಮೇಲೆ ತಿಳಿಯನ್ನಷ್ಟೇ ಟ್ಯಾಂಕಿಗೆ ಸುರಿದು, ಒಂದು ಗಂಟೆ ಕಾಯಿರಿ. ಉಳಿದ ಪಾಲುಗಳನ್ನು ಗಾಳಿಯಾಡದ ಡಬ್ಬಿಯಲ್ಲಿಡಿ. ತೆರೆದಿಟ್ಟರೆ ಶಕ್ತಿ ಕುಂದುತ್ತದೆ. ಕುಡಿಯುವ ನೀರನ್ನು ಮಾತ್ರ ಕೊತಕೊತ ಕುದಿಸಿ, ಆಮೇಲೂ ಒಂದು ನಿಮಿಷ ಬಿಟ್ಟು ಇಳಿಸಿ.

ಪ್ರವಾದಿ ಮುಹಮ್ಮದ್(ಸ) ಒಂದು ಮುದ್ದ್ ನೀರಿನಲ್ಲಿ ವುಝೂ ಮಾಡುತ್ತಿದ್ದರೆಂದು ಬುಖಾರಿಯ ಹದೀಸಿನಲ್ಲಿದೆ. ಮುದ್ದ್ ಎಂದರೆ ಎರಡೂ ಕೈ ಸೇರಿಸಿದ ಒಂದು ಬೊಗಸೆಯಷ್ಟು. ಪಾತ್ರೆಗಳನ್ನು ರಾತ್ರಿ ಮುಚ್ಚಿಡಲು ಹೇಳಿದ್ದೂ, ನಿಂತ ನೀರಿನಲ್ಲಿ ಮೂತ್ರ ಮಾಡಬಾರದೆಂದು ತಡೆದದ್ದೂ ಅವರೇ. ಬೊಗಸೆ ನೀರಿಗೆ ಲೆಕ್ಕವಿಡುವ ದೀನಿನಲ್ಲಿ, ರಾತ್ರಿಯಿಡೀ ಹರಿದುಹೋಗುವ ನೂರಾರು ಲೀಟರಿಗೂ ಲೆಕ್ಕವಿರಬೇಡವೇ? ಇಂದು ಇಶಾದ ನಂತರ ಕೋಲು ಹಿಡಿದು ತಾರಸಿಗೆ ಹೋಗಿ. ನಿಮ್ಮ ಮೊಹಲ್ಲಾದ ಮಸೀದಿ ಮತ್ತು ಮದ್ರಸದ ಟ್ಯಾಂಕಿಗೂ ಇದೇ ಪರೀಕ್ಷೆ ಮಾಡಿಸಿ. ಅಲ್ಲಿಯ ನೀರನ್ನು ಕುಡಿಯುವವರು ನಮ್ಮದೇ ಮಕ್ಕಳು.